ಚೌಕ ಎಣಿಸಬೇಕೋ, ಗೆರೆ ಎಣಿಸಬೇಕೋ? ಧಾರವಾಡದ ಒಂದು ಕಸೂತಿ ಗುಂಪು ಡಿಸೈನ್ ಸಾಫ್ಟ್‌ವೇರ್ ಆರಿಸಿಕೊಂಡ ಪ್ರಕರಣ

ಈ ಬರಹದಲ್ಲಿ ಗುಂಪಿನ ಹೆಸರನ್ನೂ ಹೆಣ್ಣುಮಕ್ಕಳ ಹೆಸರನ್ನೂ ಬಿಟ್ಟಿದ್ದೇನೆ. ಅವರನ್ನು ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸದ ಲೆಕ್ಕ ಮತ್ತು ನಾವು ಎಡವಿದ ಜಾಗಗಳು ಮಾತ್ರ ನಡೆದ ಹಾಗೆಯೇ ಇವೆ. ಕೈಕೆಲಸದವರು ಕಂಪ್ಯೂಟರಿಗೆ ಬರುವಾಗ ಇದೇ ತಪ್ಪುಗಳು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾನು ಹುಬ್ಬಳ್ಳಿಯಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡುವವಳು. ಲಗ್ನಪತ್ರಿಕೆ, ಅಂಗಡಿ ಬೋರ್ಡು, ಪ್ಯಾಕಿಂಗ್ ಡಬ್ಬಿ, ಹೀಗೆ ಸಿಕ್ಕಿದ್ದೆಲ್ಲ ಮಾಡುತ್ತೇನೆ. ಧಾರವಾಡದ ಹಳೆಯ ಓಣಿಯೊಂದರಲ್ಲಿ ಹನ್ನೊಂದು ಹೆಣ್ಣುಮಕ್ಕಳ ಒಂದು ಕಸೂತಿ ಗುಂಪು ಇದೆ. ಗುಂಪು ನಡೆಸುವ ಅಕ್ಕ ನನಗೆ ಪರಿಚಯ. ಎಲ್ಲರಿಗಿಂತ ಹಿರಿಯರು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ. ಎಲ್ಲರೂ ಅವರನ್ನು ಅವ್ವ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಿರಿಯರಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಡಿಪ್ಲೊಮಾ ಓದುತ್ತಿದ್ದಳು, ಇನ್ನೊಬ್ಬಳು ಟೇಲರಿಂಗ್ ಕಲಿತವಳು.

ಕಸೂತಿ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಪೆನ್ಸಿಲ್‌ನಿಂದ ಚಿತ್ರ ಬರೆಯುವುದಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಹೊಲಿಯುತ್ತಾ ಹೋಗುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿ ನೇರ ಗೆರೆಯ ಹೊಲಿಗೆ. ಮುರ್ಗಿ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ಇವೆರಡೂ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆ ಗುಣಾಕಾರದ ಗುರುತಿನ ಹಾಗೆ. ಈ ಎರಡರಲ್ಲಿ ಹಿಂಬದಿ ಬೇರೆ ಆಗಿರುತ್ತದೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲು ಎಲ್ಲ ಮೂಡುವುದು ಈ ನಾಲ್ಕರಿಂದಲೇ. ಇಳಕಲ್ ಸೀರೆಯ ಮೇಲೆ, ಚಂದ್ರಕಾಳಿ ಸೀರೆಯ ಮೇಲೆ ನೀವೂ ನೋಡಿರುತ್ತೀರಿ.

ಗುಂಪಿನ ನಮೂನೆಗಳೆಲ್ಲ ಒಂದು ದಪ್ಪ ಗ್ರಾಫ್ ಪುಸ್ತಕದಲ್ಲಿದ್ದವು. ಕೆಲವು ಹಾಳೆಗಳ ಅಂಚು ಹರಿದಿತ್ತು. ಕೆಲವು ನಮೂನೆ ಅವ್ವನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ತೊಂದರೆ ಶುರುವಾದದ್ದು

ಶ್ರಾವಣಕ್ಕೆ ಮುಂಚೆ ಬೆಂಗಳೂರಿನ ಒಬ್ಬ ಗಿರಾಕಿಯಿಂದ ಆರ್ಡರ್ ಬಂತು. ಒಂದೇ ಗೋಪುರದ ನಮೂನೆ ದಿಂಬಿನ ಕವರಿಗೆ, ಕೈಚೀಲಕ್ಕೆ, ಸ್ಟೋಲಿಗೆ ಬೇಕು. ಮೂರಕ್ಕೂ ಅಳತೆ ಬೇರೆ. ದೀಪಾವಳಿಯೊಳಗೆ ಕೊಡಬೇಕು. ಹೊಲಿಯುವ ಮುಂಚೆ ಪ್ರತಿ ನಮೂನೆಯನ್ನೂ ಅವರಿಗೆ ಫೋನಿನಲ್ಲಿ ಕಳಿಸಿ ಒಪ್ಪಿಗೆ ಪಡೆಯಬೇಕು.

ಅಕ್ಕ ಗ್ರಾಫ್ ಹಾಳೆಯ ಫೋಟೊ ತೆಗೆದು ಕಳಿಸಿದರು. ‘ಸ್ವಲ್ಪ ದೊಡ್ಡದು ಮಾಡಿ’ ಅಂತ ಗಿರಾಕಿ ಹೇಳಿದರು. ಮತ್ತೆ ಇಡೀ ಹಾಳೆ ಬರೆಯಬೇಕಾಯಿತು. ‘ಕಳಸ ಸ್ವಲ್ಪ ಚಿಕ್ಕದಿರಲಿ’ ಅಂದರು. ಮತ್ತೊಂದು ಹಾಳೆ. ಹನ್ನೊಂದು ಜನರಿಗೆ ಕೊಡಲು ಜೆರಾಕ್ಸ್ ಮಾಡಿಸಿದರೆ ಪೆನ್ಸಿಲ್ ಗೆರೆ ಅರ್ಧ ಮಾಯ. ಆಗ ಅಕ್ಕ ನನಗೆ ಫೋನ್ ಮಾಡಿದರು. ‘ಕಂಪ್ಯೂಟರ್‌ನ್ಯಾಗ ಮಾಡಾಕ ಯಾವುದರ ಒಂದು ಸಾಫ್ಟ್‌ವೇರ್ ಹೇಳಿಕೊಡವಾ’ ಅಂದರು.

ನಾನು ಆ ಪ್ರಶ್ನೆಯನ್ನು ಹಾಗೇ ತೆಗೆದುಕೊಂಡೆ, ಯಾವ ಸಾಫ್ಟ್‌ವೇರ್ ಅಂತ. ಮೊದಲ ಒಂದೂವರೆ ತಿಂಗಳು ಹಾಳಾದದ್ದು ಇದರಿಂದಲೇ.

ಪ್ರಯತ್ನ ಮಾಡಿದ್ದು

ಮೊದಲು ನಾನು ಹೇಳಿದ್ದು ಫೋನಿನ ಪಿಕ್ಸೆಲ್ ಆರ್ಟ್ ಆ್ಯಪ್, ಅಂದರೆ ಸಣ್ಣ ಚೌಕಗಳಿಗೆ ಬಣ್ಣ ತುಂಬಿ ಚಿತ್ರ ಮಾಡುವಂಥದ್ದು. ಕಾರಣ ಸರಳ. ಗ್ರಾಫ್ ಹಾಳೆಯಲ್ಲೂ ಚೌಕ, ಆ್ಯಪಿನಲ್ಲೂ ಚೌಕ. ಹುಡುಗಿಯರ ಹತ್ತಿರ ಫೋನ್ ಇತ್ತು, ದುಡ್ಡು ಕೊಡಬೇಕಿರಲಿಲ್ಲ. ಎರಡು ದಿನದಲ್ಲಿ ಡಿಪ್ಲೊಮಾ ಹುಡುಗಿ ಗೋಪುರ ಬರೆದಳು. ಪರದೆಯ ಮೇಲೆ ಬಹಳ ಚಂದ ಕಾಣುತ್ತಿತ್ತು. ಗಿರಾಕಿ ಕೂಡ ಒಪ್ಪಿದರು.

ಮೂವರು ಅದೇ ಚಿತ್ರ ನೋಡಿ ಹೊಲಿದರು. ಮೂರು ಗೋಪುರವೂ ಬೇರೆ ಬೇರೆ ಆದವು. ಒಂದರ ಕಳಸ ಓರೆಯಾಗಿತ್ತು. ಇನ್ನೊಂದರಲ್ಲಿ ಎಡಗಡೆ ಬಲಗಡೆ ಸೇರಲೇ ಇಲ್ಲ.

ನಾನು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಅವ್ವ ಕನ್ನಡಕ ಸರಿ ಮಾಡಿಕೊಂಡು ಫೋನಿನ ಪರದೆಯ ಮೇಲೆ ಸೂಜಿಯ ಹಿಂಬದಿಯಿಂದ ತೋರಿಸಿದರು. ‘ಇಲ್ಲಿ ನೋಡವಾ. ಈ ಮೆಟ್ಟಲಕ್ಕ ಮೂರು ಮನಿ ತುಂಬೀರಿ. ನಾ ಮೂರು ಹೊಲಗಿ ಹಾಕ್ಲ್ಯೋ, ಎರಡು ಹಾಕ್ಲ್ಯೋ? ಈ ಮೂಲಿ ಮನಿ ಅಡ್ಡ ಗೆರಿಗೆ ಸೇರತೈತೋ, ನಿಂತ ಗೆರಿಗೆ ಸೇರತೈತೋ?’

ಆಗ ನನಗೆ ಹೊಳೆಯಿತು. ಗವಂತಿ ಎಂದರೆ ಬಟ್ಟೆಯ ಎಳೆಗಳ ನಡುವಿನ ಒಂದು ತೂತಿನಿಂದ ಇನ್ನೊಂದು ತೂತಿಗೆ ಹೋಗುವ ಗೆರೆ. ಅದು ಚೌಕದ ಅಂಚಿನ ಮೇಲೆ ಇರುತ್ತದೆ, ಚೌಕದ ಒಳಗೆ ಇರುವುದಿಲ್ಲ. ಎಂಟು ಹೊಲಿಗೆಯ ಒಂದು ಗೆರೆಗೆ ಒಂಬತ್ತು ತೂತು ಬೇಕು. ಪಿಕ್ಸೆಲ್ ಚಿತ್ರದಲ್ಲಿ ಗೆರೆಗೇ ಒಂದು ಅಗಲ ಬಂದುಬಿಡುತ್ತದೆ, ಮೂಲೆಯ ಚೌಕ ಎರಡೂ ಗೆರೆಗೆ ಸೇರುತ್ತದೆ. ಒಂದು ಮೆಟ್ಟಿಲಿಗೆ ಮೂರು ಚೌಕ ತುಂಬಿದ್ದರೆ ಒಬ್ಬರು ಮೂರು ಹೊಲಿಗೆ ಎಂದು ಓದುತ್ತಾರೆ, ಇನ್ನೊಬ್ಬರು ಎರಡು ಎಂದು. ಆರು ಮೆಟ್ಟಿಲಾದಾಗ ಒಬ್ಬರದು ಹದಿನೆಂಟು, ಇನ್ನೊಬ್ಬರದು ಹನ್ನೆರಡು. ಎಣಿಕೆಯಲ್ಲಿ ಯಾರದೂ ತಪ್ಪಿರಲಿಲ್ಲ. ಚಿತ್ರವೇ ಎರಡು ಅರ್ಥ ಕೊಡುತ್ತಿತ್ತು.

ಪೆನ್ಸಿಲ್‌ನಲ್ಲಿ ಬರೆಯುವಾಗ ಈ ತೊಂದರೆ ಯಾಕೆ ಇರಲಿಲ್ಲ? ಗ್ರಾಫ್ ಹಾಳೆಯಲ್ಲಿ ಅವ್ವ ಚೌಕ ತುಂಬುತ್ತಲೇ ಇರಲಿಲ್ಲ. ಚೌಕದ ಗೆರೆಯ ಮೇಲೇ ಪೆನ್ಸಿಲ್ ಎಳೆಯುತ್ತಿದ್ದರು. ನಾನು ಪುಸ್ತಕ ನೋಡಿದ್ದೆ, ಆದರೆ ಅವರು ಬರೆಯುವುದನ್ನು ಕೂತು ನೋಡಿರಲಿಲ್ಲ.

ಎರಡನೆಯದು, ತಿಂಗಳ ಬಾಡಿಗೆ ಕಟ್ಟುವ ಒಂದು ದೊಡ್ಡ ವೆಕ್ಟರ್ ಪ್ಯಾಕೇಜ್. ವೆಕ್ಟರ್ ಎಂದರೆ ಚಿತ್ರವನ್ನು ಚುಕ್ಕಿಗಳಾಗಿ ಇಡದೆ ಗೆರೆಗಳಾಗಿ ಇಡುವುದು. ಅದು ನಮಗೆ ಸರಿಯಾದ ದಾರಿಯೇ ಆಗಿತ್ತು. ನನಗೆ ಆ ಪ್ಯಾಕೇಜ್ ಕೈಗೆ ಚೆನ್ನಾಗಿ ಕೂತಿತ್ತು, ಅದಕ್ಕೇ ಸೂಚಿಸಿದೆ. ಆದರೆ ಗುಂಪಿನ ಹತ್ತಿರ ಇದ್ದದ್ದು 4 ಜಿಬಿ ರ‍್ಯಾಮಿನ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ತೆರೆದುಕೊಳ್ಳಲಿಕ್ಕೇ ಹೊತ್ತು ಹಿಡಿಯುತ್ತಿತ್ತು. ಮುಖ್ಯ ವಿಷಯ ಅದೂ ಅಲ್ಲ. ಅಕ್ಕ ಒಂದು ಪ್ರಶ್ನೆ ಕೇಳಿದರು: ‘ಆರ್ಡರ್ ಇಲ್ಲದ ತಿಂಗಳ ರೊಕ್ಕ ಕಟ್ಟಲಿಲ್ಲಂದ್ರ ನಮ್ಮ ನಮೂನಿ ನಮಗ ತೆರೀತಾವೇನು?’ ಆ ಪ್ಯಾಕೇಜಿನ ಸ್ವಂತ ಫೈಲಾಗಿ ಇಟ್ಟರೆ ತೆರೆದು ತಿದ್ದುವುದು ಕಷ್ಟ ಎಂದು ಹೇಳಬೇಕಾಯಿತು. ಅಕ್ಕ ಅಲ್ಲಿಗೇ ಬೇಡ ಎಂದರು. ಮಳೆಗಾಲದಲ್ಲಿ ಎರಡು ತಿಂಗಳು ಕೆಲಸವೇ ಇಲ್ಲದ ಗುಂಪಿಗೆ ಇದು ಸರಿಯಾದ ನಿರ್ಧಾರ. ತಿಂಗಳು ತಿಂಗಳು ಗಿರಾಕಿ ಇರುವ ನನ್ನಂಥವರ ಲೆಕ್ಕ ಬೇರೆ, ಅವರ ಲೆಕ್ಕ ಬೇರೆ.

ನಡುವೆ ಇನ್ನೂ ಎರಡು ಸಣ್ಣ ಪ್ರಯತ್ನ ನಡೆದವು. ಹಳೆ ಸೀರೆಯ ಫೋಟೊ ಹಾಕಿದರೆ ತಾನೇ ಚಾರ್ಟ್ ಮಾಡಿಕೊಡುವ ಒಂದು ಕ್ರಾಸ್ ಸ್ಟಿಚ್ ಸಾಫ್ಟ್‌ವೇರ್ ನೋಡಿದೆವು. ಬಟ್ಟೆಯ ನೆರಳು, ಬಣ್ಣ ಮಾಸಿದ ಕಲೆ ಎಲ್ಲವನ್ನೂ ಅದು ಬೇರೆ ಬೇರೆ ಬಣ್ಣದ ಚೌಕ ಮಾಡಿತು. ಮೆಂತೆ ಹೊಲಿಗೆಗೆ ಅಂಥ ಸಾಫ್ಟ್‌ವೇರ್ ಆಗಿಬರುತ್ತದೆ, ಯಾಕೆಂದರೆ ಮೆಂತೆ ಕೂರುವುದೇ ಚೌಕದೊಳಗೆ. ನಮ್ಮ ಗೋಪುರ ಪೂರ್ತಿ ಗವಂತಿ, ಮುರ್ಗಿ. ಇನ್ನೊಂದು, ಅಕ್ಕನ ಅಳಿಯ ಎಐ ಬಳಸಿ ಮಾಡಿಸಿಕೊಟ್ಟ ಕಸೂತಿ ಚಿತ್ರ. ದೂರದಿಂದ ನೋಡಿದರೆ ಎಲ್ಲರೂ ‘ಅಬ್ಬಾ’ ಅಂದರು. ಹತ್ತಿರ ಹಿಡಿದು ಎಣಿಸಲು ಹೋದರೆ ಗೆರೆ ಯಾವ ಎಳೆಯ ಮೇಲೂ ಕೂರುತ್ತಿರಲಿಲ್ಲ. ಬಣ್ಣದ ಕಲ್ಪನೆ ಮಾತ್ರ ಅದರಿಂದ ತೆಗೆದುಕೊಂಡರು.

ದಾರಿ ತೋರಿಸಿದ್ದು ಟೇಲರಿಂಗ್ ಹುಡುಗಿ. ಅವಳು ಕಂಪ್ಯೂಟರ್ ಕ್ಲಾಸಿನಲ್ಲಿ ಎಕ್ಸೆಲ್ ಕಲಿತಿದ್ದಳು. ಒಂದು ಸಂಜೆ ಸೆಲ್‌ಗಳನ್ನೆಲ್ಲ ಚೌಕ ಮಾಡಿ, ಸೆಲ್ಲಿನ ಬಾರ್ಡರ್ ಮಾತ್ರ ದಪ್ಪ ಮಾಡುತ್ತಾ ಗೋಪುರ ಬರೆದು ತಂದಳು. ಗೆರೆ ಇರಬೇಕಾದ ಕಡೆ ಗೆರೆ. ಬೇರೆ ನಮೂನೆಯಲ್ಲಿ ಮೆಂತೆ ಬಂದರೆ ಸೆಲ್ಲಿಗೆ ಬಣ್ಣ ತುಂಬಿದರಾಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಅವ್ವ ನೋಡಿ ಏನೂ ಕೇಳದೆ ಸೂಜಿ ಹಿಡಿದು ಹೊಲಿಯಲು ಕೂತರು. ನಾನು ಇಡೀ ಪ್ರಕರಣದಲ್ಲಿ ಬಹಳ ಖುಷಿಪಟ್ಟ ಗಳಿಗೆ ಅದು.

ಎಕ್ಸೆಲ್ಲಿನಲ್ಲಿ ನಿಲ್ಲಲು ಆಗಲಿಲ್ಲ. ಅರ್ಧ ಗೋಪುರ ಬರೆದು ಅದನ್ನು ಕನ್ನಡಿಯಂತೆ ತಿರುಗಿಸಿ ಇನ್ನರ್ಧ ಮಾಡಿಕೊಳ್ಳಲು ಅದರಲ್ಲಿ ದಾರಿ ಇಲ್ಲ. ಓರೆ ಗೆರೆಗಳು ಬಹಳ ಕಾಟ ಕೊಟ್ಟವು. ಆದರೆ ಏನು ಬೇಕು ಎಂಬುದು ಆ ಸಂಜೆ ಖಚಿತವಾಯಿತು. ತೂತಿನಿಂದ ತೂತಿಗೆ ಗೆರೆ ಹಿಡಿಯಬೇಕು. ಅರ್ಧವನ್ನು ತಿರುಗಿಸಲು ಬರಬೇಕು. ಇಂಟರ್ನೆಟ್ ಇಲ್ಲದೆ ಹಳೇ ಲ್ಯಾಪ್‌ಟಾಪಿನಲ್ಲಿ ನಡೆಯಬೇಕು. ಕನ್ನಡ ಸರಿಯಾಗಿ ಮೂಡಬೇಕು. ರೊಕ್ಕ ಕಟ್ಟದ ತಿಂಗಳೂ ಫೈಲು ತೆರೆಯಬೇಕು.

ಇಂಕ್‌ಸ್ಕೇಪ್ ಕಡೆ

ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆ ಉತ್ತರ ಹುಡುಕುವುದು ಅರ್ಧ ದಿನದ ಕೆಲಸ ಆಯಿತು. ನಾವು ಆರಿಸಿದ್ದು ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ, ವೆಕ್ಟರ್ ಚಿತ್ರ ಬರೆಯುವ ಮುಕ್ತ ತಂತ್ರಾಂಶ, ಉಚಿತ. ಫೈಲುಗಳು ಎಸ್‌ವಿಜಿ ರೂಪದಲ್ಲಿ ಇರುತ್ತವೆ. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ, ಎಲ್ಲರಿಗೂ ತೆರೆದಿಟ್ಟ ರೂಪ. ಬ್ರೌಸರಿನಲ್ಲೂ ತೆರೆಯುತ್ತದೆ.

ಅದರಲ್ಲಿ ಗ್ರಿಡ್ (ಚೌಕಗಳ ಜಾಲ) ಹಾಕಿ ಸ್ನ್ಯಾಪ್ ಆನ್ ಮಾಡಿದರೆ ಗೆರೆ ತಾನಾಗಿ ಗ್ರಿಡ್ ಕೂಡುವ ಜಾಗಕ್ಕೇ ಹೋಗಿ ಅಂಟುತ್ತದೆ. ಅಂದರೆ ತೂತಿಗೇ. ಪೆನ್ ಟೂಲಿನಲ್ಲಿ ಅಡ್ಡ ಮತ್ತು ನಿಂತ ಗೆರೆ ಮಾತ್ರ ಎಳೆಯುವ ಒಂದು ಬಗೆ ಇದೆ, ಮೆಟ್ಟಿಲು ಬರೆಯಲು ಅದು ಬಹಳ ಅನುಕೂಲ. ಅರ್ಧ ಚಿತ್ರದ ನಕಲು ಮಾಡಿ ಕೀಬೋರ್ಡಿನಲ್ಲಿ ಎಚ್ ಒತ್ತಿದರೆ ಕನ್ನಡಿಯಂತೆ ತಿರುಗುತ್ತದೆ. ಸೀರೆಯ ಅಂಚಿನಂತೆ ಒಂದೇ ನಮೂನೆ ಸಾಲಾಗಿ ಬೇಕಾದಾಗ ಕ್ಲೋನ್ ಮಾಡಬಹುದು. ಮೂಲ ಒಂದನ್ನು ತಿದ್ದಿದರೆ ಸಾಲಿನ ಎಲ್ಲವೂ ತಿದ್ದಿಕೊಳ್ಳುತ್ತವೆ. ಗವಂತಿಗೆ ಒಂದು ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ), ಮುರ್ಗಿಗೆ ಒಂದು, ಮೆಂತೆ ಇರುವ ನಮೂನೆಗಳಲ್ಲಿ ಅದಕ್ಕೂ ಒಂದು ಇಟ್ಟೆವು.

ಹುಡುಗಿಯರಿಬ್ಬರೂ ಹತ್ತು ದಿನದಲ್ಲಿ ಇಷ್ಟು ಕಲಿತರು. ಇಡೀ ಸಾಫ್ಟ್‌ವೇರ್ ಕಲಿಸುವ ಗೋಜಿಗೆ ನಾನು ಹೋಗಲಿಲ್ಲ. ಆರೇಳು ಕೆಲಸ ಮಾತ್ರ ಹೇಳಿಕೊಟ್ಟೆ.

ಎಡವಿದ್ದು ಇಲ್ಲೂ ಉಂಟು. ಮೊದಲ ಸಲ ಪ್ರಿಂಟ್ ತೆಗೆದಾಗ ಗೋಪುರ ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನಿಂತಿತ್ತು, ಗ್ರಿಡ್ ಇರಲೇ ಇಲ್ಲ. ಇಂಕ್‌ಸ್ಕೇಪಿನ ಗ್ರಿಡ್ ಪರದೆಯ ಮೇಲಿನ ಸಹಾಯಕ್ಕೆ ಮಾತ್ರ, ಪ್ರಿಂಟಿಗೆ ಬರುವುದಿಲ್ಲ. ಎಕ್ಸ್‌ಟೆನ್ಶನ್ ಮೆನುವಿನ ರೆಂಡರ್ ಒಳಗೆ ನಿಜವಾದ ಗೆರೆಗಳ ಗ್ರಿಡ್ ಮಾಡಿಕೊಳ್ಳುವ ದಾರಿ ಇದೆ. ಅದನ್ನು ಬೇರೆ ಲೇಯರಿನಲ್ಲಿ ತಿಳಿ ಬೂದು ಬಣ್ಣದಲ್ಲಿಟ್ಟು, ಪ್ರತಿ ಹತ್ತನೇ ಗೆರೆ ಸ್ವಲ್ಪ ದಪ್ಪ ಮಾಡಿದೆವು. ಚೌಕದ ಅಳತೆಗೂ ಒಂದು ಲೆಕ್ಕ ಬೇಕಾಯಿತು. 2 ಮಿಲಿಮೀಟರ್ ಇಟ್ಟರೆ ಅವ್ವನ ಕಣ್ಣಿಗೆ ಸಣ್ಣದು. 3 ಮಿಲಿಮೀಟರ್ ಇಟ್ಟರೆ ನಮ್ಮ 70 ಹೊಲಿಗೆ ಅಗಲದ ಗೋಪುರ 210 ಮಿಲಿಮೀಟರ್ ಆಗುತ್ತದೆ, ಎ4 ಹಾಳೆಯ ಅಗಲವೇ ಅಷ್ಟು. ಕೊನೆಗೆ 2.5ಕ್ಕೆ ನಿಲ್ಲಿಸಿದೆವು.

ತಿರುವು: ಹೋಗುವ ದಾರಿ, ಬರುವ ದಾರಿ

ಚಾರ್ಟ್ ಈಗ ಸರಿ ಇದೆ ಎಂದು ನಾವೆಲ್ಲ ಅಂದುಕೊಂಡೆವು. ಎಣಿಕೆ ಕೂಡಿತ್ತು, ಎಡಬಲ ಸೇರಿತ್ತು. ಡಿಪ್ಲೊಮಾ ಹುಡುಗಿ ಚಂದಕ್ಕೆಂದು ಗೋಪುರದ ಹೊಟ್ಟೆಯಲ್ಲಿ ಒಂದು ಸಣ್ಣ ವಜ್ರದಾಕಾರ ಸೇರಿಸಿದ್ದಳು. ಸುತ್ತಲಿನ ಯಾವ ಗೆರೆಗೂ ತಾಗದಂತೆ, ನಡುವೆ ಒಂಟಿಯಾಗಿ.

ಅವ್ವ ಚಾರ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು, ‘ತಂಗಿ, ಇಲ್ಲಿಗೆ ನಾ ಹೆಂಗ ಹೋಗಲಿ? ಹ್ವಾದಮ್ಯಾಲ ಹೆಂಗ ತಿರುಗಿ ಬರಲಿ?’ ಎಂದು ಕೇಳಿದರು.

ಗವಂತಿ ಹೊಲಿಯುವ ರೀತಿ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಹೋಗುವಾಗ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹಾಕುತ್ತಾ ಹೋಗುತ್ತದೆ. ಮೇಲ್ಗಡೆ ಒಂದು ಬಿಟ್ಟು ಒಂದು ಗೆರೆ ಕಾಣುತ್ತದೆ. ತುದಿ ಮುಟ್ಟಿದ ಮೇಲೆ ಅದೇ ತೂತುಗಳಲ್ಲಿ ವಾಪಸ್ ಬರುತ್ತಾ ಖಾಲಿ ಬಿಟ್ಟದ್ದನ್ನು ತುಂಬುತ್ತದೆ. ನಡುವೆ ಕವಲು ಬಂದರೆ ಆ ಕವಲಿನ ತುದಿಗೆ ಹೋಗಿ ತಿರುಗಿ ಮೂಲ ದಾರಿಗೆ ಬರಬೇಕು. ಹೀಗೆ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡಾಡುತ್ತದೆ, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಅದಕ್ಕೇ ಎರಡೂ ಬದಿ ಒಂದೇ ಥರ ಕಾಣುವುದು, ಗಂಟು ಬೇಕಾಗದೆ ಇರುವುದು. ನಮೂನೆಯ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಈ ಪ್ರಯಾಣ ಸಾಧ್ಯ. ಒಂಟಿ ವಜ್ರಕ್ಕೆ ಹೋಗಬೇಕೆಂದರೆ ದಾರ ಖಾಲಿ ಬಟ್ಟೆಯ ಹಿಂದೆ ಜಿಗಿಯಬೇಕು. ಹಿಂಬದಿಯಲ್ಲಿ ಅದು ಉದ್ದ ಎಳೆಯಾಗಿ ಕಾಣುತ್ತದೆ. ಸ್ಟೋಲಿನಂಥ ಬಟ್ಟೆಗೆ ಎರಡೂ ಬದಿ ಕಾಣುವುದರಿಂದ ಅದು ಆಗದ ಮಾತು.

ನಾವು ನೋಡಿದ ಯಾವ ಸಾಫ್ಟ್‌ವೇರೂ ಈ ತಪ್ಪನ್ನು ಹೇಳುತ್ತಿರಲಿಲ್ಲ. ಪರದೆಗೆ ಮುಗಿದ ಚಿತ್ರ ಗೊತ್ತು. ಸೂಜಿಯ ದಾರಿ ಗೊತ್ತಿಲ್ಲ.

ಅವತ್ತು ಮಧ್ಯಾಹ್ನ ಒಂದು ನಿರ್ಧಾರ ಮಾಡಿದೆವು. ಪ್ರತಿ ಚಾರ್ಟಿಗೂ ‘ದಾರಿ’ ಎಂಬ ಇನ್ನೊಂದು ಲೇಯರ್ ಇರಬೇಕು. ಹೋಗುವಾಗ ಹಾಕುವ ಹೊಲಿಗೆ ಕೆಂಪು, ಬರುವಾಗ ಹಾಕುವ ಹೊಲಿಗೆ ನೀಲಿ. ಸೂಜಿ ಹೊರಡುವ ಜಾಗಕ್ಕೆ ಒಂದು ಚುಕ್ಕಿ. ಕವಲುಗಳಿಗೆ ಯಾವುದು ಮೊದಲು ಯಾವುದು ಆಮೇಲೆ ಎಂದು ಅಂಕಿ. ಅವ್ವ ಬಟ್ಟೆಯ ಮೇಲೆ ನಿಧಾನವಾಗಿ ಹೊಲಿದು ತೋರಿಸುತ್ತಾ ಹೋದರು, ಹುಡುಗಿಯರು ಲ್ಯಾಪ್‌ಟಾಪಿನಲ್ಲಿ ಅದನ್ನೇ ಗುರುತು ಹಾಕುತ್ತಾ ಹೋದರು. ಒಂದು ಗೋಪುರಕ್ಕೆ ಎರಡು ಮಧ್ಯಾಹ್ನ ಬೇಕಾಯಿತು. ಗ್ರಾಫ್ ಪುಸ್ತಕದಲ್ಲಿ ಈ ದಾರಿ ಎಲ್ಲೂ ಬರೆದಿರಲಿಲ್ಲ. ಅವ್ವನ ಕೈಗೆ ಗೊತ್ತಿದ್ದದ್ದು ಮೊದಲ ಸಲ ಕಾಗದಕ್ಕೆ ಇಳಿಯಿತು.

ಎರಡು ದಿನ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಕೆಂಪು ನೀಲಿ ಎರಡೂ ಒಂದೇ ಬೂದು ಬಣ್ಣವಾಗಿ ಬಂದವು. ಬಣ್ಣದ ಪ್ರಿಂಟ್ ಹನ್ನೊಂದು ಜನಕ್ಕೂ ತೆಗೆಸುವುದು ದುಬಾರಿ. ಹೋಗುವ ದಾರಿಗೆ ಅಖಂಡ ಗೆರೆ, ಬರುವ ದಾರಿಗೆ ತುಂಡು ಗೆರೆ ಎಂದು ಬದಲಿಸಿದೆವು. ಮೊದಲೇ ಜೆರಾಕ್ಸ್ ಮಾಡಿಸಿ ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು.

‘ಸ್ವಲ್ಪ ದೊಡ್ಡದು ಮಾಡಿ’

ಗಿರಾಕಿಯ ಮೊದಲ ಬೇಡಿಕೆ ಇನ್ನೂ ಬಾಕಿ ಇತ್ತು. ಕಂಪ್ಯೂಟರಿಗೆ ಬಂದ ಮೇಲೆ ಇದು ಬಹಳ ಸುಲಭ ಅನ್ನಿಸುತ್ತದೆ. ಚಿತ್ರ ಆರಿಸಿ, ಮೂಲೆ ಹಿಡಿದು ಎಳೆದರೆ ದೊಡ್ಡದಾಗುತ್ತದೆ. ಹುಡುಗಿ ಹಾಗೇ ಮಾಡಿದಳು, ಶೇಕಡಾ 20 ದೊಡ್ಡದು. ಗೆರೆಗಳೆಲ್ಲ ಗ್ರಿಡ್ ಬಿಟ್ಟು ಸರಿದುಹೋದವು. 8 ಹೊಲಿಗೆಯ ಗೆರೆ 9.6 ಹೊಲಿಗೆ ಆಯಿತು. ಅರೆ ಹೊಲಿಗೆ ಎಂಬುದು ಗವಂತಿಯಲ್ಲಿ ಇಲ್ಲ.

ಇಲ್ಲಿ ಉತ್ತರ ಸಾಫ್ಟ್‌ವೇರಿನಲ್ಲಿ ಸಿಗಲಿಲ್ಲ, ಬಟ್ಟೆಯಲ್ಲಿ ಸಿಕ್ಕಿತು. ಇಂಚಿಗೆ 14 ಚೌಕ ಬರುವ ಮ್ಯಾಟಿ ಬಟ್ಟೆಯಲ್ಲಿ 70 ಹೊಲಿಗೆಯ ಗೋಪುರ ಸರಿಯಾಗಿ 5 ಇಂಚು. ಅದೇ ಚಾರ್ಟನ್ನು ಇಂಚಿಗೆ 11 ಬರುವ ಬಟ್ಟೆಯ ಮೇಲೆ ಹೊಲಿದರೆ ಸುಮಾರು 6.4 ಇಂಚು. 18 ಬರುವ ಬಟ್ಟೆಯಲ್ಲಿ ಸುಮಾರು 3.9 ಇಂಚು. ದಿಂಬಿಗೆ 11, ಚೀಲಕ್ಕೆ 14, ಸ್ಟೋಲಿಗೆ 18 ಎಂದು ಅಕ್ಕ ತೀರ್ಮಾನಿಸಿದರು. ಸ್ಟೋಲಿನ ಬಟ್ಟೆಯ ಎಳೆ ಎಣಿಸಲು ಬರುವುದಿಲ್ಲ, ಹಾಗಾಗಿ ಮೇಲೆ ಇಂಚಿಗೆ 18 ಬರುವ ಜಾಳಿಗೆ ಬಟ್ಟೆ ಹಚ್ಚಿ ಹೊಲಿದು, ಆಮೇಲೆ ಅದರ ಎಳೆ ಎಳೆದು ತೆಗೆದರು. ಚಾರ್ಟ್ ಒಂದೇ, ಬಟ್ಟೆ ಮೂರು. ಗಿರಾಕಿಗೆ ಪೂರ್ತಿ ಒಪ್ಪಿಗೆ ಆಯಿತು.

ಕಳಸ ಚಿಕ್ಕದು ಮಾಡುವಾಗ ಅವ್ವ ಇನ್ನೊಂದು ಮಾತು ಹೇಳಿದರು. ಗೋಪುರದ ಒಟ್ಟು ಅಗಲ ಸರಿಸಂಖ್ಯೆಯೇ ಇರಬೇಕು. ಸರಿಸಂಖ್ಯೆ ಇದ್ದರೆ ನಟ್ಟನಡುವೆ ಒಂದು ತೂತು ಸಿಗುತ್ತದೆ, ಕಳಸ ಅದರ ಮೇಲೆ ನೆಟ್ಟಗೆ ನಿಲ್ಲುತ್ತದೆ. ಬೆಸಸಂಖ್ಯೆ ಆದರೆ ನಡು ಎಂಬುದು ಹೊಲಿಗೆಯ ಮಧ್ಯಕ್ಕೆ ಬೀಳುತ್ತದೆ, ಕಳಸ ಒಂದು ಪಕ್ಕಕ್ಕೆ ಸರಿಯುತ್ತದೆ. ಚಾರ್ಟ್ ಬರೆಯುವ ಮುಂಚೆ ಅಗಲ ಎಣಿಸಿ ಬರೆದಿಡುವುದು ಅಂದಿನಿಂದ ರೂಢಿ ಆಯಿತು.

ಕನ್ನಡದ ಅಕ್ಷರ

ಚಾರ್ಟಿನ ಮೇಲೆ ಹೆಸರು, ಹೊಲಿಗೆಯ ಬಗೆ, ಬಟ್ಟೆಯ ಎಣಿಕೆ ಕನ್ನಡದಲ್ಲಿ ಬೇಕಿತ್ತು. ಗುಂಪಿನ ಹಳೆಯ ಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು, ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಹಳೆ ಪದ್ಧತಿಯ ಫಾಂಟಿನಲ್ಲಿ. ಅದನ್ನು ತಂದು ಇಂಕ್‌ಸ್ಕೇಪಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬಂತು. ಕನ್ನಡದಲ್ಲಿ ಪ್ರಿಂಟಿಂಗ್ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ಕಾಟ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ತೆಗೆದರೆ ಕನ್ನಡವೇ ಇಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೆವು, ಒತ್ತಕ್ಷರ ತಪ್ಪಿದ ಕಡೆ ಕೈಯಿಂದ ತಿದ್ದಿದೆವು.

ಹೊಸ ಸಾಫ್ಟ್‌ವೇರ್ ಯಾವುದೇ ಇರಲಿ, ನಾನು ಮೊದಲು ಟೈಪ್ ಮಾಡಿ ನೋಡುವ ಪದಗಳು ‘ಸ್ತ್ರೀ, ರಾಷ್ಟ್ರೀಯ, ಸಾಮರ್ಥ್ಯ’. ಒತ್ತು, ಅರ್ಕಾವತ್ತು, ದೀರ್ಘ ಎಲ್ಲ ಇವುಗಳಲ್ಲಿ ಇವೆ. ಒಂದು ಒಡೆದರೂ ಆ ಸಾಫ್ಟ್‌ವೇರ್ ಕನ್ನಡದ ಕೆಲಸಕ್ಕೆ ಬೇಡ. ಇಂಕ್‌ಸ್ಕೇಪಿನಲ್ಲಿ ಮೂರೂ ಸರಿ ಬಂದವು. ಶೀರ್ಷಿಕೆಗೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ‘ಹುಬ್ಬಳ್ಳಿ’ ಎಂಬ ಫಾಂಟನ್ನೇ ಹಾಕಿದೆವು. ಒಂದೇ ದಪ್ಪದ ಗೆರೆಯ ಅಕ್ಷರ, ಕಸೂತಿಯ ದಾರದ ಪಕ್ಕ ಬಹಳ ಹೊಂದುತ್ತದೆ. ಸಣ್ಣ ಅಕ್ಷರಕ್ಕೆ ಮಾತ್ರ ಜೆರಾಕ್ಸಿನಲ್ಲಿ ತೆಳುವಾಗುತ್ತದೆ, ಅಲ್ಲಿಗೆ ನೋಟೊ ಸಾನ್ಸ್ ಕನ್ನಡ ಇಟ್ಟೆವು.

ಏನಾಯಿತು

ಆರ್ಡರ್ ದೀಪಾವಳಿಗೆ ನಾಲ್ಕು ದಿನ ಮೊದಲು ಹೋಯಿತು. ಎರಡು ದಿಂಬಿನ ಕವರು ಮಾತ್ರ ವಾಪಸ್ ಬಂದವು, ಕಾರಣ ದಾರದ ಬಣ್ಣ, ನಮೂನೆ ಅಲ್ಲ. ಗುಂಪಿನ ಎಲ್ಲರೂ ಲ್ಯಾಪ್‌ಟಾಪ್ ಕಲಿಯಲಿಲ್ಲ, ಕಲಿಯುವ ಅಗತ್ಯವೂ ಬೀಳಲಿಲ್ಲ. ಹೊಸ ಯೋಚನೆ ಈಗಲೂ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲೇ ಹುಟ್ಟುತ್ತದೆ. ಅವ್ವ ಒಪ್ಪಿದ ಮೇಲೆ ಹುಡುಗಿಯರು ಅದನ್ನು ಇಂಕ್‌ಸ್ಕೇಪಿಗೆ ತರುತ್ತಾರೆ. ಹೊಲಿಯುವವರ ಕೈಗೆ ಪ್ರಿಂಟ್ ಹೋಗುತ್ತದೆ, ಫೋನಿಗೆ ಪಿಡಿಎಫ್ ಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೆ ಗೆರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು ಎಂದು ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದಾರೆ.

ನನ್ನ ಕೆಲಸದ ರೀತಿ ಇದರಿಂದ ಬದಲಾಯಿತು. ಈಗ ಯಾರೇ ಕೈಕೆಲಸದವರು ಸಾಫ್ಟ್‌ವೇರ್ ಕೇಳಿದರೂ ಮೊದಲು ಅವರು ಕೆಲಸ ಮಾಡುವುದನ್ನು ಕೂತು ನೋಡುತ್ತೇನೆ. ಅವರು ಎಣಿಸುವುದು ಏನನ್ನು ಎಂದು ಕೇಳುತ್ತೇನೆ. ಮೊನ್ನೆ ಗದಗ-ಬೆಟಗೇರಿಯಲ್ಲಿ ಕೈಮಗ್ಗದ ಒಬ್ಬ ನೇಕಾರರ ಜೊತೆ ಕೂತಾಗ ಇದರ ಬೆಲೆ ತಿಳಿಯಿತು. ಅವರ ಗ್ರಾಫಿನಲ್ಲಿ ಒಂದು ಚೌಕ ಎಂದರೆ ಒಂದು ಹಾಸಿನ ಎಳೆ ಮತ್ತು ಒಂದು ಹೊಕ್ಕಿನ ಎಳೆ ಕೂಡುವ ಜಾಗ. ತುಂಬಿದ ಚೌಕದಲ್ಲಿ ಹಾಸು ಮೇಲೆ, ಖಾಲಿ ಚೌಕದಲ್ಲಿ ಕೆಳಗೆ. ಗೆರೆಯ ಮಾತೇ ಅಲ್ಲಿಲ್ಲ. ಧಾರವಾಡದಲ್ಲಿ ಮೂರು ಗೋಪುರ ಕೆಡಿಸಿದ ಅದೇ ಪಿಕ್ಸೆಲ್ ಆ್ಯಪ್ ಅವರಿಗೆ ಸರಿಯಾಗಿ ಕೂತಿತು. ಇಂಕ್‌ಸ್ಕೇಪ್ ಕೊಟ್ಟಿದ್ದರೆ ಅವರಿಗೆ ಸುಮ್ನೆ ತೊಂದರೆ.

ಧಾರವಾಡದ ಗುಂಪಿನ ಫೋಲ್ಡರಿನಲ್ಲಿ ಈಗ ಇಪ್ಪತ್ತಾರು ಚಾರ್ಟ್ ಇವೆ, ಎಲ್ಲಕ್ಕೂ ದಾರಿಯ ಲೇಯರ್ ಇದೆ. ಒಂದು ಫೈಲಿನ ಹೆಸರು ‘ತೇರು ಅರ್ಧ’. ಆ ತೇರಿನ ಚಕ್ರದ ಎಣಿಕೆ ಅವ್ವನಿಗೂ ಮರೆತಿದೆ. ಅವರ ತಾಯಿಯ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಅದು ಇದೆ. ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದು ಕಷ್ಟ. ಮಧ್ಯಾಹ್ನದ ಬಿಸಿಲಿಗೆ ಸೀರೆಯನ್ನು ಬಾಗಿಲಲ್ಲಿ ಹಿಡಿದುಕೊಂಡು, ಭೂತಗನ್ನಡಿಯಲ್ಲಿ ನೋಡುತ್ತಾ ಅವ್ವ ಎಣಿಸಿ ಹೇಳುತ್ತಾರೆ, ಟೇಲರಿಂಗ್ ಹುಡುಗಿ ಬರೆದುಕೊಳ್ಳುತ್ತಾಳೆ. ಹೋದ ವಾರ ಒಂದು ಚಕ್ರ ಮುಗಿಯಿತು.